ಹತ್ತಿರದ ದಿಬ್ಬದ ಚಿಪ್ಪು

ನಮ್ಮ ಸೊಸೆ ದಲಂದಾಗೆ ಬಯಕೆ ಶುರುವಾದದ್ದು ಮೂರನೆಯ ತಿಂಗಳಲ್ಲಿ. ನಮ್ಮ ಐನ್ ಸಮ್ಮಾರ್ ಊರಿನಲ್ಲಿ ಬಸುರಿ ಕೇಳಿದ್ದನ್ನು ಇಲ್ಲವೆನ್ನುವ ಧೈರ್ಯ ಯಾರಿಗೂ ಇಲ್ಲ. ಕೊಡದೆ ಹೋದರೆ ಹುಟ್ಟುವ ಮಗುವಿನ ಮೈಮೇಲೆ ಅದೇ ಆಕಾರದ ಮಚ್ಚೆ ಬೀಳುತ್ತದೆ. ಆಸೆಯಾದ ಗಳಿಗೆಯಲ್ಲಿ ತಾಯಿ ತನ್ನ ಮೈಯನ್ನು ಎಲ್ಲಿ ಮುಟ್ಟಿಕೊಳ್ಳುತ್ತಾಳೋ ಮಗುವಿಗೂ ಅಲ್ಲೇ ಬೀಳುತ್ತದೆ. ನಮ್ಮೂರ ಕಟುಕನ ಹಣೆಯ ಮೇಲೆ ಒಡೆದ ದಾಳಿಂಬೆಯ ಹಾಗೆ ಒಂದು ಕೆಂಪು ಮಚ್ಚೆ ಇದೆ. ಅವನ ತಾಯಿಗೆ ದಾಳಿಂಬೆ ತಂದುಕೊಡದ ಅತ್ತೆ ಸತ್ತು ಮೂವತ್ತು ವರ್ಷವಾಯಿತು, ಊರು ಅವಳನ್ನು ಇನ್ನೂ ಬೈಯುತ್ತದೆ. ಅಂಥ ಬೈಗುಳ ತಿನ್ನುವ ಆಸೆ ನನಗಿರಲಿಲ್ಲ.

ದಲಂದಾ ಕೇಳಿದ್ದು ಚಿಪ್ಪುಮೀನು. ಕೇಳುವಾಗ ಅವಳ ಕೈ ಕೆನ್ನೆಯ ಮೇಲಿತ್ತು. ನಾನು ಓಡಿಹೋಗಿ ಆ ಕೈಯನ್ನು ಎಳೆದು ಕೆಳಗಿಳಿಸಿ, ಕುಡುಗೋಲು ಬಕೆಟ್ಟು ಎತ್ತಿಕೊಂಡು ಕಡಲಿಗೆ ಹೊರಟೆ. ಅಂದಿನಿಂದ ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಅವಳ ತಟ್ಟೆಗೆ ಚಿಪ್ಪು ಹಾಕಿದೆ. ಇಂಥ ಅತ್ತೆ ಯಾರಿಗುಂಟು ಎಂದು ಬೀದಿಯಲ್ಲಿ ನಾನೇ ಹೇಳಿಕೊಂಡು ತಿರುಗಿದೆ. ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ನನ್ನ ಹೆಸರು ಮನ್ನೂಬಿಯಾ. ಚಿಪ್ಪು ಹೆಕ್ಕುವುದೇ ನನ್ನ ಕೆಲಸ, ನಲವತ್ತು ವರ್ಷದಿಂದ. ನೀರು ಇಳಿದಾಗ ನಾವು ಹೆಂಗಸರು ಬರಿಗಾಲಲ್ಲಿ ಮರಳಿಗೆ ಇಳಿಯುತ್ತೇವೆ. ಒದ್ದೆ ಮರಳಿನ ಮೇಲೆ ಅಕ್ಕಪಕ್ಕ ಎರಡು ಸಣ್ಣ ತೂತು ಕಂಡರೆ ಕೆಳಗೆ ಚಿಪ್ಪು ಇದೆ ಎಂದು ಅರ್ಥ. ಕುಡುಗೋಲಿನ ತುದಿ ಹಾಕಿ ಎಬ್ಬಿಸಬೇಕು. ಕಡಲಲ್ಲಿ ದೋಣಿ ಬಿಡುವುದು ಗಂಡಸರದ್ದು, ಮರಳಲ್ಲಿ ಬಗ್ಗುವುದು ನಮ್ಮದು. ಹೆಕ್ಕಿದ್ದನ್ನು ಜಿಲಾನಿ ಎಂಬವನು ತೂಗಿ ತನ್ನ ವ್ಯಾನಿಗೆ ತುಂಬಿಕೊಳ್ಳುತ್ತಾನೆ, ಅದು ಕಡಲಾಚೆಯ ದೇಶಗಳಿಗೆ ಹೋಗುತ್ತದೆ. ಮನೆಗೆ ಬೇಕಾದಷ್ಟನ್ನು ನಾವು ಇಟ್ಟುಕೊಳ್ಳುತ್ತೇವೆ.

ನಮಗೆ ಚಿಪ್ಪು ಸಿಗುವ ಎರಡು ಮರಳು ದಿಬ್ಬಗಳಿವೆ. ದೂರದ್ದು ಖರ್ಜೂರದ ತೋಟ ದಾಟಿ ಒಂದು ಗಂಟೆಯ ನಡಿಗೆ. ಹತ್ತಿರದ್ದು ಮನೆಯಿಂದ ಕೂಗಳತೆಯಲ್ಲಿ, ಗೊಬ್ಬರದ ಕಾರ್ಖಾನೆಯ ಕೊಳವೆ ಕಡಲಿಗೆ ಬೀಳುವ ಜಾಗದ ಪಕ್ಕದಲ್ಲಿ. ಹತ್ತಿರದ ದಿಬ್ಬದ ಚಿಪ್ಪು ದಪ್ಪ, ಮಾಂಸ ತುಂಬಿರುತ್ತದೆ. ಯಾವುದನ್ನು ಸೊಸೆಗೆ ತಂದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗೆಂದು ಯಾರೂ ಎಚ್ಚರಿಸಿರಲಿಲ್ಲ ಎನ್ನಲಾರೆ. ಹಿಂದಿನ ಚಳಿಗಾಲದಲ್ಲಿ ಇಬ್ಬರು ಅಧಿಕಾರಿಗಳು ಬಂದು ಹತ್ತಿರದ ದಿಬ್ಬದ ಮೇಲೆ ಒಂದು ತಗಡಿನ ಬೋರ್ಡು ನೆಟ್ಟು ಹೋದರು. ನನಗೆ ಓದು ಬರುವುದಿಲ್ಲ. ಪಕ್ಕದ ಮನೆಯ ಬಯ್ಯಾ ಓದಿ ಹೇಳಿದಳು, ಇಲ್ಲಿ ಚಿಪ್ಪು ತೆಗೆಯಬಾರದು ಅಂತ ಬರೆದಿದೆ. ಯಾಕೆ ಎಂದು ಬರೆದಿರಲಿಲ್ಲ. ನಮಗೆ ಉರಿದುಹೋಯಿತು. ದೊಡ್ಡ ದೋಣಿಗಳು ಕಡಲ ತಳವನ್ನೇ ಬಲೆಯಲ್ಲಿ ಬಾಚಿಕೊಂಡು ಹೋದಾಗ ಯಾವ ಬೋರ್ಡೂ ಏಳುವುದಿಲ್ಲ, ಬಕೆಟ್ಟು ಹಿಡಿದ ಹೆಂಗಸು ಕಂಡರೆ ಮಾತ್ರ ಬೋರ್ಡು. ಒಂದು ವಾರ ನೋಡಿದೆ. ಆಮೇಲೆ ಅದನ್ನು ಕಿತ್ತು ತಂದು ನನ್ನ ಕೋಳಿಗೂಡಿಗೆ ಬಾಗಿಲು ಮಾಡಿದೆ. ಅಳತೆ ಹೇಳಿ ಮಾಡಿಸಿದ ಹಾಗೆ ಕೂತಿತು. ಬೀದಿಯವರೆಲ್ಲ ಬಂದು ನೋಡಿ ನಕ್ಕು ಹೋದರು.

ದಲಂದಾಗೆ ಐದು ತಿಂಗಳು ತುಂಬುವ ಹೊತ್ತಿಗೆ ಆರೋಗ್ಯ ಕೇಂದ್ರದ ಸೂಲಗಿತ್ತಿ ಶಾದ್ಲಿಯಾ ನಮ್ಮ ಮನೆಗೆ ಬಂದಳು. ಅವಳ ತಾಯಿ ಮತ್ತು ನಾನು ಒಟ್ಟಿಗೆ ಚಿಪ್ಪು ಹೆಕ್ಕಿದವರು. ಈ ಹುಡುಗಿ ಓದಿ ನರ್ಸ್ ಆಗಿ ಊರಿಗೇ ವಾಪಸು ಬಂದಿದ್ದಳು. ಒಂದು ತಿಂಗಳ ಹಿಂದೆ ಊರಿನ ಬಸುರಿಯರೆಲ್ಲರ ರಕ್ತ ತೆಗೆದು ಪಟ್ಟಣದ ಪ್ರಯೋಗಾಲಯಕ್ಕೆ ಕಳಿಸಿದ್ದಳು, ಜೊತೆಗೆ ಎರಡೂ ದಿಬ್ಬಗಳಿಂದ ಒಂದೊಂದು ಬುಟ್ಟಿ ಚಿಪ್ಪನ್ನೂ ಕಳಿಸಿದ್ದಳು. ಅವಳು ಒಳಗೆ ಬಂದಾಗ ನಾನು ಹರೀಸಾ ಖಾರ ಹಾಕಿದ ಚಿಪ್ಪಿನ ತಟ್ಟೆಯನ್ನು ಸೊಸೆಯ ಮುಂದೆ ಇಟ್ಟಿದ್ದೆ. ಶಾದ್ಲಿಯಾ ಸಲಾಮು ಹೇಳಿದಳು, ತಟ್ಟೆ ನೋಡಿದಳು, ಅದನ್ನೆತ್ತಿ ಕಿಟಕಿಯ ಮೇಲಿಟ್ಟಳು.

ನನ್ನ ಪಿತ್ತ ನೆತ್ತಿಗೇರಿತು. "ಬಸುರಿ ಮುಂದಿನ ತಟ್ಟೆ ಎತ್ಕೊಂಡು ಹೋಗೋಕೆ ಸರ್ಕಾರ ನಿನಗೆ ಸಂಬಳ ಕೊಡುತ್ತಾ?" ಎಂದೆ.

"ಬೈರಿ ಚಿಕ್ಕಮ್ಮ, ಆಮೇಲೆ ಬೈರಿ. ಮೊದಲು ಕೇಳಿಸ್ಕೊಳ್ಳಿ. ದಲಂದಾ ರಕ್ತದಲ್ಲಿ ಸೀಸ ಇದೆ. ಇರಬಾರದಷ್ಟು ಇದೆ."

"ಸೀಸ ಅಂದ್ರೆ? ಬಲೆ ಅಂಚಿಗೆ ಕಟ್ಟೋ ಗುಂಡಾ?"

"ಅದೇ ಸೀಸ."

ನಾನು ನಗಬೇಕೆಂದುಕೊಂಡೆ. ನಗು ಬರಲಿಲ್ಲ. ದಲಂದಾ ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಆದರೆ ನಾನು ಸುಲಭಕ್ಕೆ ಬಗ್ಗುವವಳಲ್ಲ. ಗುಂಡು ನುಂಗಿದವರು ಯಾರಿದ್ದಾರೆ ನಮ್ಮ ಮನೆಯಲ್ಲಿ ಎಂದು ಕೇಳಿದೆ. ಶಾದ್ಲಿಯಾ ಸಮಾಧಾನವಾಗಿ ಹೇಳಿದಳು. ಕಾರ್ಖಾನೆಯ ಕೊಳವೆಯಿಂದ ಬರುವ ಕೆಸರು ನೀರಿನಲ್ಲಿ ಸೀಸವಿದೆ, ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹವೂ ಇದೆ. ಅವು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ವಾಸನೆ ಬರುವುದಿಲ್ಲ, ಬಾಯಿಗೆ ರುಚಿ ಗೊತ್ತಾಗುವುದಿಲ್ಲ. ಹತ್ತಿರದ ದಿಬ್ಬದ ಚಿಪ್ಪಿನಲ್ಲಿ ಅವೆರಡೂ ಮಿತಿ ಮೀರಿ ಸಿಕ್ಕಿವೆ. ದೂರದ ದಿಬ್ಬದ ಚಿಪ್ಪಿನಲ್ಲಿ ಮಿತಿಯೊಳಗೇ ಇವೆ. ಅವಳು ಕಾಗದ ಬಿಚ್ಚಿ ತೋರಿಸಿದಳು. ನನಗೆ ಓದು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತು, ಆದರೂ ನನ್ನ ಕೈಗೇ ಕೊಟ್ಟಳು.

ನಮ್ಮಮ್ಮ ಸಾಯುವವರೆಗೂ ಇದೇ ದಿಬ್ಬದ್ದು ತಿಂದಳು, ಎಂಬತ್ತೆರಡು ವರ್ಷ ಬದುಕಿದಳು ಎಂದೆ. ಶಾದ್ಲಿಯಾ ಕೇಳಿದಳು, ಕಾರ್ಖಾನೆ ಯಾವಾಗ ಬಂತು? ನಾನು ಮದುವೆಯಾದ ವರ್ಷ ಎಂದೆ. ಅಷ್ಟು ಹೊತ್ತಿಗೆ ನಮ್ಮಮ್ಮನಿಗೆ ಅರವತ್ತಾಗಿತ್ತು. ಅಮ್ಮ ನಮ್ಮನ್ನೆಲ್ಲ ಹೆತ್ತದ್ದು ಕಾರ್ಖಾನೆ ಬರುವ ಮೊದಲಿನ ಕಡಲಿನ ಚಿಪ್ಪು ತಿಂದು. ನನಗೆ ಆ ಲೆಕ್ಕ ಯಾವತ್ತೂ ಹೊಳೆದಿರಲಿಲ್ಲ.

ಕೊನೆಗೆ ನನ್ನ ಬಳಿ ಇದ್ದ ದೊಡ್ಡ ಅಸ್ತ್ರ ತೆಗೆದೆ. ನಾನು ಚಿಪ್ಪನ್ನು ತಂದಕೂಡಲೇ ಒಲೆಗೆ ಹಾಕುವವಳಲ್ಲ. ಸಂಜೆ ಶುದ್ಧ ನೀರಿಗೆ ಉಪ್ಪು ಹಾಕಿ ನೆನೆಸಿಡುತ್ತೇನೆ. ಬೆಳಿಗ್ಗೆ ನೋಡಿದರೆ ಪಾತ್ರೆಯ ತಳದಲ್ಲಿ ಮರಳು, ಕೆಸರು ಎಲ್ಲ ಉಗುಳಿರುತ್ತವೆ. ಮರಳನ್ನೇ ಉಗುಳುವ ಪ್ರಾಣಿ ವಿಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆಯೇ? ನಮ್ಮೂರಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಮೇಲೆ ನಿಂಬೆ ಹಿಂಡಿ ಚೆನ್ನಾಗಿ ಕುದಿಸಿದರೆ ಇನ್ನೇನು ಉಳಿಯುತ್ತದೆ?

ಶಾದ್ಲಿಯಾ ವಾದ ಮಾಡಲಿಲ್ಲ. ಎರಡು ಗಾಜಿನ ಭರಣಿ ಕೇಳಿದಳು. ಹತ್ತಿರದ ದಿಬ್ಬದಿಂದ ಕಲಕಿದ ನೀರು ತರಿಸಿ ಎರಡಕ್ಕೂ ಸಮನಾಗಿ ತುಂಬಿದಳು. ಒಂದರಲ್ಲಿ ಜೀವಂತ ಚಿಪ್ಪು ಹತ್ತು ಬಿಟ್ಟಳು, ಇನ್ನೊಂದನ್ನು ಹಾಗೇ ಇಟ್ಟಳು. ನನ್ನ ಮಾತು ನಂಬಬೇಡಿ ಚಿಕ್ಕಮ್ಮ, ಇದನ್ನು ನೋಡುತ್ತಿರಿ, ಮಕ್ಕಳಿಗೆ ಲಸಿಕೆ ಹಾಕಿ ಬರುತ್ತೇನೆ ಎಂದು ಹಿಂದಿನ ಬೀದಿಗೆ ಹೋದಳು.

ನಾನು ನೋಡುವುದಿಲ್ಲವೆಂದು ಹಟ ಹಿಡಿದು ರೊಟ್ಟಿ ತಟ್ಟಿದೆ. ಮೂರು ರೊಟ್ಟಿ ಆಗುವಷ್ಟರಲ್ಲಿ ನಾಲ್ಕು ಸಲ ಹೋಗಿ ನೋಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಚಿಪ್ಪಿಲ್ಲದ ಭರಣಿಯಲ್ಲಿ ಸ್ವಲ್ಪ ಕೆಸರು ತಳಕ್ಕೆ ಕೂತಿತ್ತು, ನೀರು ಇನ್ನೂ ಬೂದಿಬಣ್ಣವಾಗೇ ಇತ್ತು. ಚಿಪ್ಪಿದ್ದ ಭರಣಿಯ ನೀರಿನಲ್ಲಿ ಆಚೆಯ ಗೋಡೆಯ ಸುಣ್ಣ ಕಾಣುತ್ತಿತ್ತು.

ಶಾದ್ಲಿಯಾ ಬಂದು ಬಗ್ಗಿ ನೋಡಿದಳು. "ಆ ಕೊಳೆ ಎಲ್ಲಿ ಹೋಯ್ತು ಚಿಕ್ಕಮ್ಮ?"

ಹೋದದ್ದು ಎಲ್ಲಿಗೆಂದು ಕಣ್ಣೆದುರಿಗೇ ಇತ್ತು. ಚಿಪ್ಪು ಇಡೀ ದಿನ ನೀರು ಎಳೆದುಕೊಂಡು ಸೋಸಿ ಬಿಡುತ್ತದೆ, ಅದರ ಊಟವೇ ಹಾಗೆ ಎಂದು ಅವಳು ಹೇಳಿದಳು. ನೀರಿನಲ್ಲಿ ಏನಿದೆಯೋ ಅದೆಲ್ಲ ಅದರ ಮೈಯೊಳಗೆ ಸೇರುತ್ತದೆ.

ಆದರೂ ಉಗುಳುತ್ತದಲ್ಲ ಎಂದು ನಾನು ಗೊಣಗಿದೆ. ಆಗ ಅವಳು ನನ್ನ ಕೈ ಹಿಡಿದುಕೊಂಡಳು. ತಂಗಿಯ ಮಗಳ ಮದುವೆಗೆ ಹಾಕಿಸಿಕೊಂಡ ಮದರಂಗಿ ಅಂಗೈಯಲ್ಲಿ ಇನ್ನೂ ಕೆಂಪಗಿತ್ತು.

"ಮದರಂಗಿ ತೊಳ್ಕೊಂಡ್ರಲ್ಲ, ಬಣ್ಣ ಹೋಯ್ತಾ? ಮರಳು ಅನ್ನೋದು ಮೆತ್ತಿದ ಮದರಂಗಿ ಇದ್ದ ಹಾಗೆ. ಉಪ್ಪುನೀರಲ್ಲಿ ಬಿಟ್ರೆ ಹೋಗುತ್ತೆ. ಸೀಸ ಬಣ್ಣದ ಹಾಗೆ ಮಾಂಸಕ್ಕೆ ಇಳಿದಿರುತ್ತೆ. ನೆನೆಸಿದ್ರೂ ಹೋಗಲ್ಲ, ನಿಂಬೆ ಹಿಂಡಿದ್ರೂ ಹೋಗಲ್ಲ. ಕುದಿಸಿದ್ರೆ ಒಂದಿಷ್ಟು ಸಾರಿಗೆ ಬರಬಹುದು, ಆ ಸಾರನ್ನೂ ಇವಳಿಗೇ ಕುಡಿಸ್ತೀರಿ."

ನಾನು ಕೈ ಎಳೆದುಕೊಂಡೆ. ಕೊನೆಯ ಭಯವೊಂದು ಉಳಿದಿತ್ತು. ಅದನ್ನು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. "ತಟ್ಟೆ ಕಿತ್ಕೊಂಡೆ. ನಾಳೆ ಮಗು ಕೆನ್ನೆ ಮೇಲೆ ಮಚ್ಚೆ ಬಿದ್ರೆ?"

"ಕಟುಕನ ಹಣೆ ಮೇಲೆ ಮಚ್ಚೆ ಇದೆ. ಅವನಿಗೇನಾಗಿದೆ? ಮದುವೆ ಆಯ್ತು, ಮಕ್ಕಳಾದ್ವು, ತೂಕದಲ್ಲಿ ನಮಗೆಲ್ಲ ಟೋಪಿ ಹಾಕೋ ಅಷ್ಟು ಬುದ್ಧೀನೂ ಇದೆ." ಶಾದ್ಲಿಯಾ ಇಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಸೀಸ ಹೋಗಿ ಕೂರೋದು ಮಗುವಿನ ಮಿದುಳಲ್ಲಿ. ಆ ಗುರುತು ಯಾರಿಗೂ ಕಾಣಲ್ಲ. ಮಾತು ತಡವಾದಾಗ, ಶಾಲೆಯಲ್ಲಿ ಅಕ್ಷರ ಹತ್ತದೆ ಹೋದಾಗ ಗೊತ್ತಾಗುತ್ತೆ. ಆಗ ಹಿಂದಕ್ಕೆ ತೆಗೆಯೋಕೆ ಆಗಲ್ಲ."

ಆಗ ದಲಂದಾ ಬಾಯಿ ಬಿಟ್ಟಳು. ಅವಳು ನನ್ನೆದುರು ಜೋರಾಗಿ ಮಾತಾಡಿದವಳಲ್ಲ. ಅವತ್ತೂ ಮೆಲ್ಲಗೇ ಹೇಳಿದಳು.

"ಅತ್ತೆ, ನನಗೆ ಬೇಕು ಅನ್ಸಿದ್ದು ಒಂದೇ ದಿನ. ಆಮೇಲೆ ನೀವು ಹಾಕ್ತಾ ಹೋದ್ರಿ, ನಾನು ತಿಂತಾ ಹೋದೆ."

ಅಯ್ಯೋ, ಆ ಮಾತು ನನ್ನ ಎದೆಗೆ ನಾಟಿತು. ಎರಡು ತಿಂಗಳು ಪ್ರೀತಿಯಿಂದ ಬಡಿಸಿದ್ದೆನಲ್ಲ! ನಾನು ಗೋಡೆಗೆ ಒರಗಿ ಕೂತೆ. ನನ್ನ ಮಗ ಹಮ್ಮಾದಿ ಹುಟ್ಟುವ ಮೊದಲು ಎರಡು ಮಕ್ಕಳು ನನ್ನ ಹೊಟ್ಟೆಯಲ್ಲಿ ನಿಲ್ಲದೆ ಹೋಗಿದ್ದವು. ಅವಕ್ಕೂ ಇದೇ ಕಾರಣವೇ ಎಂದು ಶಾದ್ಲಿಯಾಳನ್ನು ಕೇಳಿದೆ. ಅವಳು ಬೇಕಾದರೆ ಹೌದೆಂದುಬಿಡಬಹುದಿತ್ತು, ನಾನು ಆ ಗಳಿಗೆಯಲ್ಲಿ ಏನು ಹೇಳಿದರೂ ನಂಬುತ್ತಿದ್ದೆ.

"ಅದು ನನಗೆ ಗೊತ್ತಿಲ್ಲ ಚಿಕ್ಕಮ್ಮ. ಗೊತ್ತಿಲ್ಲದ್ದನ್ನ ಹೇಳಲ್ಲ. ಇವಳ ವಿಷಯ ಗೊತ್ತು, ಅದಕ್ಕೇ ಓಡಿ ಬಂದೆ."

ಅವಳ ಮೇಲೆ ನನಗೆ ಪೂರ್ತಿ ನಂಬಿಕೆ ಬಂದದ್ದು ಆ ಮಾತಿಗೆ. ಭರಣಿಗಲ್ಲ.

ಮುಂದೇನು ಮಾಡಬೇಕೆಂದು ಶಾದ್ಲಿಯಾ ಹೇಳಿದಳು. ಹತ್ತಿರದ ದಿಬ್ಬದ ಚಿಪ್ಪು ಇವತ್ತಿನಿಂದಲೇ ಬಂದ್. ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆ ತಪ್ಪಿಸುವ ಹಾಗಿಲ್ಲ. ಹಾಲು, ಮೊಸರು, ಬೇಳೆ, ಸೊಪ್ಪು ಚೆನ್ನಾಗಿ ತಿನ್ನಬೇಕು. ಮೈಯಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶ ಸಾಕಷ್ಟಿದ್ದರೆ ಸೀಸ ಒಳಗೆ ಸೇರುವುದು ಕಡಿಮೆ. ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ನೋಡೋಣ ಎಂದಳು. ಮೀನನ್ನೇ ಬಿಡಬೇಕಾ ಎಂದು ದಲಂದಾ ಅಳುವ ಹಾಗೆ ಕೇಳಿದಳು, ಕಡಲ ಮನೆಯ ಹುಡುಗಿ ಅವಳು. ಬಿಡಬೇಕಾಗಿಲ್ಲ. ದೂರದ ಕಡಲಿನ ಬೂತಾಯಿಯಂಥ ಸಣ್ಣ ಮೀನು ಧಾರಾಳವಾಗಿ ತಿನ್ನಬಹುದು, ಹೊಟ್ಟೆಯ ಮಗುವಿಗೆ ಅದು ಒಳ್ಳೆಯದು. ಶಾರ್ಕ್, ದೊಡ್ಡ ಟ್ಯೂನಾ ಇಂಥವು ಬಸುರಿಗೆ ಬೇಡ. ಸಣ್ಣ ಮೀನುಗಳನ್ನು ವರ್ಷಗಟ್ಟಲೆ ತಿಂದು ಬೆಳೆದ ಮೈಯಲ್ಲಿ ಪಾದರಸ ಕೂಡಿಕೊಂಡಿರುತ್ತದೆ. ಆಕ್ಟೋಪಸ್ಸಿನ ತಲೆಯೊಳಗಿನ ಚೀಲ, ಏಡಿಯ ಚಿಪ್ಪಿನೊಳಗಿನ ಕಂದು ಮುದ್ದೆ ಎಸೆಯಬೇಕು, ಕ್ಯಾಡ್ಮಿಯಂ ಸೇರುವ ಜಾಗ ಅದು. ಏಡಿಯ ಆ ಮುದ್ದೆಯನ್ನು ರೊಟ್ಟಿಗೆ ಸವರಿ ತಿನ್ನುವುದೆಂದರೆ ನನಗೆ ಪ್ರಾಣ. ಬಿಟ್ಟೆ. ಬೈದುಕೊಂಡೇ ಬಿಟ್ಟೆ.

ಹೊರಡುವಾಗ ಅವಳ ಕಣ್ಣು ಕೋಳಿಗೂಡಿನ ಬಾಗಿಲಿಗೆ ಬಿತ್ತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಯಿತು. ಅವಳು ಬಾಗಿ ಬೋರ್ಡನ್ನು ಪೂರ್ತಿ ಓದಿದಳು, ನಿಜವಾಗಿಯೂ ಅದರಲ್ಲಿ ಕಾರಣ ಬರೆದಿರಲಿಲ್ಲ. ಬೈಯುತ್ತಾಳೆ ಎಂದುಕೊಂಡರೆ ಅವಳಿಗೆ ಸಿಟ್ಟು ಬಂದದ್ದು ನನ್ನ ಮೇಲಲ್ಲ.

"ಯಾಕೆ ಅಂತ ಬರೆದ್ರೆ ಯಾರು ಕಾರಣ ಅಂತ ನೀವು ಕೇಳ್ತೀರಲ್ಲ, ಅದಕ್ಕೆ ಬರೆದಿಲ್ಲ," ಎಂದಳು.

ಅಂದು ಸಂಜೆ ನನ್ನ ಕೋಳಿಗಳು ಬಾಗಿಲಿಲ್ಲದ ಗೂಡಿನಲ್ಲಿ ಮಲಗಿದವು. ಬಯ್ಯಾ ಕೆಂಪು ಬಣ್ಣದಲ್ಲಿ ಬೋರ್ಡಿನ ಮೇಲೆ ದಪ್ಪ ಅಕ್ಷರ ಬರೆದಳು: ಕಾರ್ಖಾನೆಯ ನೀರಿನಿಂದ ಈ ಚಿಪ್ಪಿನಲ್ಲಿ ಸೀಸ ಸೇರಿದೆ. ನಾವಿಬ್ಬರೂ ಹೋಗಿ ಹತ್ತಿರದ ದಿಬ್ಬದ ಮೇಲೆ ನೆಟ್ಟೆವು. ಎರಡನೆಯ ದಿನ ಯಾರೋ ಕಿತ್ತು ಹಾಕಿದ್ದರು. ಮತ್ತೆ ನೆಟ್ಟೆವು, ಈ ಸಲ ಬುಡಕ್ಕೆ ಕಲ್ಲು ತುಂಬಿ.

ಬಯ್ಯಾ ಬಣ್ಣ ಬಳಿದಳೆಂದ ಮಾತ್ರಕ್ಕೆ ಒಪ್ಪಿದ್ದಳು ಎಂದಲ್ಲ. ಅವಳ ಗಂಡ ಸೊಂಟ ಮುರಿದುಕೊಂಡು ಮನೆಯಲ್ಲಿದ್ದಾನೆ, ಒಲೆ ಉರಿಯುವುದು ಅವಳ ಕುಡುಗೋಲಿನಿಂದ. ತಿನ್ನುವುದು ಬೇಡ, ಸರಿ, ಆದರೆ ಮಾರುವುದನ್ನೂ ಬಿಟ್ಟರೆ ಮಕ್ಕಳ ಬಾಯಿಗೆ ಏನು ಹಾಕಲಿ ಎಂದು ಕೇಳಿದಳು. ಅವಳ ಜೊತೆಗೇ ಮರುದಿನ ನಾನೂ ದಿಬ್ಬಕ್ಕೆ ಇಳಿದು ಬಕೆಟ್ಟು ತುಂಬಿಸಿದೆ. ಇದನ್ನು ಮುಚ್ಚಿಡುವುದಿಲ್ಲ.

ತೂಕದ ಜಾಗದಲ್ಲಿ ನಾವು ಹನ್ನೊಂದು ಮಂದಿ ಸಾಲಾಗಿ ಕೂತಿದ್ದೆವು. ಜಿಲಾನಿ ವ್ಯಾನಿನಿಂದ ಇಳಿದು ಬೋರ್ಡಿನ ವಿಷಯ ತೆಗೆದು ನಕ್ಕ. ಅವನು ಕೆಟ್ಟವನಂತೆ ಕಾಣುವವನಲ್ಲ, ಹಬ್ಬಕ್ಕೆ ನಮ್ಮ ಮಕ್ಕಳಿಗೆಲ್ಲ ಮಿಠಾಯಿ ತರುತ್ತಾನೆ. ಹತ್ತಿರದ ದಿಬ್ಬದ ಚಿಪ್ಪನ್ನು ದೂರದ ದಿಬ್ಬದ ಚೀಲಕ್ಕೆ ಬೆರೆಸಿ, ಎಲ್ಲದಕ್ಕೂ ದೂರದ ದಿಬ್ಬದ ಚೀಟಿ ಕಟ್ಟುತ್ತಾನೆ. ಅದು ನಮಗೆಲ್ಲ ಗೊತ್ತಿತ್ತು, ನಾವು ತಲೆ ಕೆಡಿಸಿಕೊಂಡಿರಲಿಲ್ಲ.

"ನೀವು ಯಾಕೆ ಹೆದರ್ತೀರಿ ಅಕ್ಕಂದಿರಾ," ಎಂದ ಜಿಲಾನಿ. "ನೀವು ತಿನ್ಬೇಡಿ, ಮನೆಯೋರಿಗೆ ಕೊಡ್ಬೇಡಿ. ನನಗೆ ಕೊಡಿ. ತಿನ್ನೋರು ಕಡಲಾಚೆಯೋರು. ಅವರ ಮುಖ ನೀವು ನೋಡಿದೀರಾ, ನಿಮ್ಮ ಮುಖ ಅವರು ನೋಡಿದಾರಾ?"

ಅವನು ಸಮಾಧಾನ ಮಾಡಲೆಂದೇ ಹೇಳಿದ. ಆದರೆ ನನ್ನ ಕಣ್ಣ ಮುಂದೆ ಯಾವುದೋ ಗೊತ್ತಿಲ್ಲದ ಊರಿನ ಒಂದು ಅಡುಗೆಮನೆ ಬಂತು. ಅಲ್ಲೂ ಒಬ್ಬಳು ನನ್ನಂಥ ಮುದುಕಿ, ಪ್ರೀತಿಯಿಂದ ತಟ್ಟೆಗೆ ಹಾಕುತ್ತಿದ್ದಳು. ನಾನು ಎದ್ದು ನಿಂತೆ.

"ಕಡಲಾಚೆಯೋರ ಮನೆ ಸೊಸೇನೂ ಬಸುರಿ ಆಗ್ತಾಳೆ ಜಿಲಾನಿ," ಎಂದೆ.

ಬಕೆಟ್ಟು ಎತ್ತಿಕೊಂಡು ನೀರಿನವರೆಗೆ ನಡೆದು, ಎಲ್ಲವನ್ನೂ ವಾಪಸು ಸುರಿದೆ. ಬೆಳಗಿನಿಂದ ಬಗ್ಗಿ ಹೆಕ್ಕಿದ್ದು. ಒಬ್ಬಳೇ ಉಳಿದೆನೇನೋ ಎಂದು ಹಿಂದೆ ತಿರುಗಿ ನೋಡಲು ಧೈರ್ಯವಿರಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಬಕೆಟ್ಟು ಬರಿದಾದ ಸದ್ದು ಕೇಳಿತು. ಬಯ್ಯಾ. ಅಳುತ್ತಾ ಬೈಯುತ್ತಾ ಸುರಿಯುತ್ತಿದ್ದಳು. ನನ್ನನ್ನು ಬೈಯುತ್ತಿದ್ದಳೋ ಕಾರ್ಖಾನೆಯನ್ನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಹಿಂದೆ ಉಳಿದವರೂ ಬಂದರು.

ಬೇರೆ ಊರಿನ ಹೆಂಗಸರನ್ನು ಕರೆತರುತ್ತೇನೆ ಎಂದು ಜಿಲಾನಿ ಹೆದರಿಸಿದ. ಬಯ್ಯಾ ಕಣ್ಣೊರೆಸಿಕೊಂಡು ಹೇಳಿದಳು, "ಕರ್ಕೊಂಡು ಬಾ. ಅವರಿಗೂ ಭರಣಿ ತೋರಿಸ್ತೀವಿ."

ಒಂಬತ್ತು ದಿನ ಅವನ ವ್ಯಾನು ಬರಿದಾಗಿ ಹೋಯಿತು. ನಮ್ಮ ಒಲೆಗಳೂ ತಣ್ಣಗಿದ್ದವು. ಬಯ್ಯಾಳ ಮನೆಗೆ ಒಬ್ಬೊಬ್ಬರು ಒಂದೊಂದು ದಿನ ಕುಸ್ಕುಸ್ ಮಾಡಿ ಕಳಿಸಿದೆವು. ಹತ್ತನೆಯ ದಿನ ಜಿಲಾನಿಯೇ ಮಾತಿಗೆ ಬಂದ. ನಮ್ಮ ಮಾತು ಒಂದೇ ಇತ್ತು: ದೂರದ ದಿಬ್ಬದ್ದು ಮಾತ್ರ ಹೆಕ್ಕುತ್ತೇವೆ, ಅದಕ್ಕೆ ಬೇರೆ ಯಾವುದನ್ನೂ ಬೆರೆಸಬಾರದು, ಪರೀಕ್ಷೆಯ ಕಾಗದ ತಕ್ಕಡಿಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಅವನು ಗೊಣಗಿ ಒಪ್ಪಿದ. ಒಂದು ಗಂಟೆಯ ನಡಿಗೆಗೆ ನನ್ನ ಮಗ ಹಮ್ಮಾದಿ ತನ್ನ ಬಾಡಿಗೆ ವ್ಯಾನು ಬಿಟ್ಟುಕೊಟ್ಟ. ನೀರು ಇಳಿಯುವ ಹೊತ್ತಿಗೆ ಹನ್ನೊಂದು ಹೆಂಗಸರು, ಹನ್ನೊಂದು ಬಕೆಟ್ಟು ಅವನ ಸೀಟಿನ ಮೇಲೆ. ಉಪ್ಪುನೀರು ಸುರಿದು ಸೀಟು ಹಾಳಾಯಿತೆಂದು ಅವನು ಕೂಗುತ್ತಾನೆ. ಹುಟ್ಟುವುದು ನಿನ್ನ ಮಗು, ಸುಮ್ಮನೆ ಓಡಿಸು ಎನ್ನುತ್ತೇನೆ.

ಹೆಕ್ಕುವುದು ಮೊದಲಿಗಿಂತ ಕಡಿಮೆಯೇ. ಇದನ್ನು ಸಿಹಿ ಮಾಡಿ ಹೇಳುವುದಿಲ್ಲ. ಆದರೆ ನಮ್ಮ ಹತ್ತಿರದ ದಿಬ್ಬವನ್ನು ನಾವೇ ಬಿಟ್ಟುಕೊಟ್ಟು ಸುಮ್ಮನಾಗಲು, ಅದನ್ನು ಕೆಡಿಸಿದವರು ನಾವಲ್ಲ. ಹಾಗಾಗಿ ಗುರುವಾರ ಗುರುವಾರ ಬಂದರು ಕಚೇರಿಯ ಮುಂದೆ ಹೋಗಿ ನಿಲ್ಲತೊಡಗಿದೆವು. ಕೊಳವೆಯ ನೀರನ್ನು ಶುದ್ಧ ಮಾಡದೆ ಕಡಲಿಗೆ ಬಿಡಬಾರದು, ತಿಂಗಳಿಗೊಮ್ಮೆ ಚಿಪ್ಪು ಮೀನು ಪರೀಕ್ಷಿಸಿ ಫಲಿತಾಂಶ ಊರಿಗೆ ಹೇಳಬೇಕು ಎಂದು ಕೇಳಿದೆವು. ಅಧಿಕಾರಿ ಮೊದಲ ಗುರುವಾರ ಊಟಕ್ಕೆ ಹೋಗಿದ್ದರು. ಎರಡನೆಯ ಗುರುವಾರ ಸಭೆಯಲ್ಲಿದ್ದರು. ಮೂರನೆಯ ಗುರುವಾರ ನಾವು ಮೆಟ್ಟಿಲ ಮೇಲೇ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತೆವು.

ಆ ವಾರವೇ ದಲಂದಾಳ ಎರಡನೆಯ ಪರೀಕ್ಷೆಯ ಕಾಗದ ಬಂದಿತ್ತು. ಸೀಸ ಇಳಿದಿದೆ. ಪೂರ್ತಿ ಹೋಗಿಲ್ಲ, ಆದರೆ ಚೆನ್ನಾಗಿ ಇಳಿದಿದೆ ಎಂದು ಶಾದ್ಲಿಯಾ ಮೂರು ಸಲ ಓದಿ ಹೇಳಿದಳು. ನಾನು ನಾಲ್ಕನೆಯ ಸಲವೂ ಓದಿಸಿದೆ. ದಲಂದಾ ಸೆರಗು ಬಿಗಿದುಕೊಂಡು ನಾನೂ ಬರುತ್ತೇನೆ ಎಂದಳು. ಎಂಟು ತಿಂಗಳ ಹೊಟ್ಟೆ ಹೊತ್ತು ಹಮ್ಮಾದಿಯ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಬಂದಳು.

ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ಹೊರಗೆ ಬಂದರು. ಹನ್ನೆರಡು ಹೆಂಗಸರನ್ನು ನೋಡಿದರು. ದಲಂದಾಳ ಹೊಟ್ಟೆ ನೋಡಿ ಅವರ ದನಿ ಮೆತ್ತಗಾಯಿತು. ಇಂಥ ಸ್ಥಿತಿಯಲ್ಲಿ ಬಿಸಿಲಲ್ಲಿ ನಿಲ್ಲಬಾರದು ತಾಯಿ, ಮಗುವಿಗೆ ಒಳ್ಳೆಯದಲ್ಲ, ಮನೆಗೆ ಹೋಗಿ ಎಂದರು.

ನನ್ನೆದುರು ಮೆಲ್ಲಗೆ ಮಾತಾಡುವ ನನ್ನ ಸೊಸೆ ಕಚೇರಿಯ ಒಳಗಿನವರಿಗೂ ಕೇಳುವ ಹಾಗೆ ಹೇಳಿದಳು. "ಬಿಸಿಲಿಂದ ನನ್ನ ಮಗೂಗೆ ಏನೂ ಆಗಲ್ಲ ಸಾರ್. ನೀವು ಕಡಲಿಗೆ ಬಿಡಿಸ್ತಿರೋ ನೀರಿಂದ ಆಗುತ್ತೆ. ಅದನ್ನ ಮನೆಗೆ ಕಳಿಸಿ, ನಾನು ಹೋಗ್ತೀನಿ."

ಅಧಿಕಾರಿ ಒಳಗೆ ಹೋಗಿ ನಮಗಾಗಿ ಒಂದು ಬೆಂಚು ಹೊರಗೆ ಹಾಕಿಸಿದರು. ತಿಂಗಳ ಪರೀಕ್ಷೆಗೆ ಬರಹದಲ್ಲಿ ಒಪ್ಪಿದ್ದಾರೆ. ಕೊಳವೆಯ ವಿಷಯ ಮೇಲಿನವರಿಗೆ ಬರೆದಿದ್ದೇವೆ ಎನ್ನುತ್ತಾರೆ. ಕೊಳವೆಯಿಂದ ನೀರು ಇನ್ನೂ ಬೀಳುತ್ತಲೇ ಇದೆ. ಬೆಂಚು ಚಿಕ್ಕದು, ದಲಂದಾ ಮತ್ತು ಈಗ ಜೊತೆಗೆ ಬರುವ ಇನ್ನೊಬ್ಬ ಬಸುರಿ ಕೂರುತ್ತಾರೆ, ಉಳಿದವರು ನಿಲ್ಲುತ್ತೇವೆ.

ಈಗ ನಿಮಗೆ ಹೇಳುತ್ತೇನೆ, ಕೇಳುತ್ತಿರುವ ಅಕ್ಕತಂಗಿಯರೇ. ನಿಮ್ಮೂರಿನ ಕಡಲಿಗೂ ಅಳಿವೆಗೂ ಹೊಳೆಗೂ ಯಾವುದೋ ಕೊಳವೆ ಬೀಳುತ್ತಿರಬಹುದು. ಅದರ ಬುಡದಲ್ಲಿ ಬೆಳೆದ ಚಿಪ್ಪು, ಏಡಿ, ಮೀನು ಎಷ್ಟೇ ಕೊಬ್ಬಿರಲಿ, ಬಸುರಿಗೆ, ಬಾಣಂತಿಗೆ, ಹಾಲು ಬಿಡಿಸಿದ ಕೂಸಿಗೆ ಹಾಕಬೇಡಿ. ತೊಳೆದರೆ ಹೋಗುತ್ತದೆ, ಕುದಿಸಿದರೆ ಹೋಗುತ್ತದೆ ಎಂದು ನನ್ನ ಹಾಗೆ ಜಂಬ ಪಡಬೇಡಿ. ಅನುಮಾನವಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಯ ಬಗ್ಗೆ ಕೇಳಿ. ಮೀನು ಕೊಳ್ಳುವಾಗ ಎಲ್ಲಿ ಹಿಡಿದದ್ದು ಎಂದು ಕೇಳಿ, ಮಾರುವವನು ಮುಖ ಸಿಂಡರಿಸಿದರೂ ಕೇಳಿ. ನೀವೇ ಹಿಡಿದು ಮಾರುವವರಾದರೆ ನಿಮ್ಮ ತಟ್ಟೆಗೆ ಬೇಡವಾದದ್ದನ್ನು ಇನ್ನೊಬ್ಬರ ತಟ್ಟೆಗೆ ಕಳಿಸಬೇಡಿ. ಕಡಲು ಕೆಟ್ಟಿದೆ, ತಿನ್ನಬೇಡಿ ಎಂದು ನಮಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳಲು ಯಾರಿಗೂ ಬಿಡಬೇಡಿ. ಕೆಡಿಸಿದ್ದು ಯಾರು, ಸರಿಮಾಡುವುದು ಯಾವಾಗ ಎಂದು ಕೇಳಿ. ಒಬ್ಬರೇ ಹೋದರೆ ಊಟಕ್ಕೆ ಹೋಗಿದ್ದಾರೆ ಎನ್ನುತ್ತಾರೆ, ಹತ್ತು ಮಂದಿ ಬುತ್ತಿ ಕಟ್ಟಿಕೊಂಡು ಹೋಗಿ.

ದಲಂದಾಗೆ ಇನ್ನು ಮೂರು ವಾರವಿದೆ. ನಾಳೆ ಗುರುವಾರ, ನಾವು ಹೊರಡುತ್ತೇವೆ. ನೀವು ನಿಮ್ಮೂರಲ್ಲಿ ಹೊರಡಿ.